ಮೂರನೆಯ ವಾಹನ

ಪರಿಗ್ರಹಪರಿಮಾಣವ್ರತದ ಅತಿಚಾರಗಳನ್ನು ಹೇಳುವಾಗ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಹೊಲ-ಮನೆ, ಬೆಳ್ಳಿ-ಬಂಗಾರ, ಧನ-ಧಾನ್ಯ, ದಾಸಿ-ದಾಸ, ವಸ್ತ್ರಾದಿ ಕುಪ್ಯ ಎಂದು ಪರಿಗ್ರಹದ ವಸ್ತುಗಳನ್ನು ಎಣಿಸುತ್ತದೆ. ಈ ಎಣಿಕೆಯಲ್ಲಿ ಮೋಟಾರು ಗಾಡಿಯ ಹೆಸರಿಲ್ಲ. ಇಲ್ಲದಿರುವುದು ಸಹಜ, ಇಲ್ಲವೆಂಬುದರಿಂದಲೇ ಸಮಾಧಾನಪಟ್ಟುಕೊಳ್ಳುವ ಗೃಹಸ್ಥರೂ ಇಲ್ಲದಿಲ್ಲ. ಆದರೆ ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಧನವೆಂದರೆ ಗೋವು ಮೊದಲಾದದ್ದೆಂದು ವಿವರಿಸಿರುವುದನ್ನು ನೋಡಿದರೆ, ನಡೆಸುವ, ಎಳೆಸುವ, ಏರುವ ಸಾಧನಗಳೆಲ್ಲವೂ ಈ ಲೆಕ್ಕದೊಳಗೆ ಬರುತ್ತವೆಂಬುದರಲ್ಲಿ ಸಂದೇಹಕ್ಕೆ ಎಡೆಯಿಲ್ಲ. ಸಮಂತಭದ್ರ ಸ್ವಾಮಿಗಳಂತೂ ರತ್ನಕರಂಡಕ ಶ್ರಾವಕಾಚಾರದಲ್ಲಿ ಈ ವ್ರತದ ಐದು ಅತಿಚಾರಗಳನ್ನು ಬೇರೆ ಬಗೆಯಾಗಿ ಹೇಳಿ, ಅವುಗಳ ಮೊದಲಿಗೆ ಅತಿವಾಹನವನ್ನೇ ಇರಿಸಿದ್ದಾರೆ. ಅತಿಸಂಗ್ರಹ, ಅತಿವಿಸ್ಮಯ, ಅತಿಲೋಭ, ಅತಿಭಾರವಹನಗಳು ಆಮೇಲೆ. ಲೋಭದ ವಶನಾಗಿ ಎತ್ತು ಮೊದಲಾದವನ್ನು ಅವು ನಡೆಯಬಲ್ಲುದಕ್ಕಿಂತ ಹೆಚ್ಚು ದೂರ ನಡೆಸುವುದು ಅತಿವಾಹನವೆಂದು ಟೀಕಾಕಾರರ ಅಭಿಪ್ರಾಯ. ಎತ್ತಿಗೆ ದಣಿವು ಉಂಟು, ಯಂತ್ರಕ್ಕೆ ಇಲ್ಲ. ಹಾಗಾದರೆ ಯಂತ್ರದ ಕಾಲದಲ್ಲಿ ಅತಿವಾಹನವೆಂಬುದು ಉಳಿಯಿತೋ ಅಳಿಯಿತೋ ಎಂಬುದು ವಿಚಾರಣೀಯವಾದ ವಿಷಯ.

ಇದನ್ನು ಬರಿಯ ತರ್ಕದಿಂದ ವಿಚಾರಿಸುವುದಕ್ಕಿಂತ ಒಂದು ಮನೆತನವನ್ನು ಕಣ್ಣ ಮುಂದೆ ಇಟ್ಟುಕೊಳ್ಳುವುದು ಲೇಸು. ಬೀದರ ಜಿಲ್ಲೆಯಲ್ಲಿ ಇಂಥ ಮನೆಗಳು ಬೇಕಾದಷ್ಟಿವೆ. ಯಾವುದಾದರೊಂದನ್ನು ಓದುಗರು ತಮ್ಮ ನೆಂಟರಲ್ಲಿಯೇ ಕಂಡಾರು. ವಾಸ ಬಸವಕಲ್ಯಾಣದಲ್ಲಿ; ತೊಗರಿ, ಉದ್ದು, ಹೆಸರುಗಳ ವ್ಯಾಪಾರ ಹುಮನಾಬಾದಿನಲ್ಲಿ; ಹಿರಿಯರಿಂದ ಬಂದ ಎರೆ ಹೊಲ ಮತ್ತು ಹಳೆಯ ಮನೆ ಮುಡಬಿಯ ಕಡೆಯ ಒಂದು ಹಳ್ಳಿಯಲ್ಲಿ. ಯಜಮಾನನಿಗೆ ಅರುವತ್ತು ಸಮೀಪಿಸಿದೆ. ಹಳ್ಳಿಯ ಮನೆಯಲ್ಲಿ ಅವನ ತಾಯಿ ಒಬ್ಬಳೇ ಇದ್ದಾಳೆ. ಎಂಬತ್ತು ದಾಟಿದ ಆಕೆ ಮನೆಯೊಳಗಿನ ಚೈತ್ಯಾಲಯದಲ್ಲಿ ನಿತ್ಯವೂ ಅಭಿಷೇಕವನ್ನು ನೋಡದೆ ಆಹಾರ ಮುಟ್ಟುವವಳಲ್ಲ. ಸೂರ್ಯಾಸ್ತದ ಬಳಿಕ ಚತುರ್ವಿಧಾಹಾರವನ್ನೂ ತ್ಯಜಿಸಿರುವುದರಿಂದ ಔಷಧವೂ ಹಗಲಿನಲ್ಲಿಯೇ. ಬಸವಕಲ್ಯಾಣಕ್ಕೆ ಬಂದಿರು ಎಂದರೆ ಒಪ್ಪುವುದಿಲ್ಲ.

ಯಜಮಾನನು ಮೂವತ್ತೈದರ ವಯಸ್ಸಿನಲ್ಲಿ, ಒಂದು ವರ್ಷಾಯೋಗದ ಸಮಯದಲ್ಲಿ, ಮುನಿಗಳ ಸಮ್ಮುಖದಲ್ಲಿ ಪರಿಗ್ರಹಪರಿಮಾಣವನ್ನು ಸ್ವೀಕರಿಸಿದವನು. ಹಾಳೆಯ ಮೇಲೆ ಬರೆದುಕೊಂಡ ಆ ಮಿತಿಯಲ್ಲಿ ವಾಹನದ ಮುಂದೆ ಎರಡು ಎಂದಿದೆ. ಆಗ ಅವು ಒಂದು ಎತ್ತಿನ ಬಂಡಿ ಮತ್ತು ಒಂದು ಸ್ಕೂಟರು. ಬಂಡಿಯ ಸ್ಥಾನಕ್ಕೆ ಟ್ರಾಕ್ಟರು ಬಂದಿತು, ಸ್ಕೂಟರಿನ ಸ್ಥಾನಕ್ಕೆ ಮೋಟಾರ್ ಸೈಕಲ್ಲು ಬಂದಿತು. ಸಂಖ್ಯೆ ಮಾತ್ರ ಬೆಳೆಯಲಿಲ್ಲ. ಈಗ ಮಗನು ನಾಲ್ಕೂ ಚಕ್ರಗಳಿಗೆ ಶಕ್ತಿ ಹರಿಯುವ ಒಂದು ಚಿಕ್ಕ ಕಾರನ್ನು ಕೊಳ್ಳಬೇಕೆನ್ನುತ್ತಾನೆ. ಅವನ ಕಾರಣ ಕ್ಷುಲ್ಲಕವಾದುದಲ್ಲ. ಮಳೆಗಾಲದಲ್ಲಿ ಡಾಂಬರು ಮುಗಿದ ಮೇಲಿನ ನಾಲ್ಕು ಕಿಲೋಮೀಟರು ಕೆಸರಾಗುತ್ತದೆ. ರಾತ್ರಿ ಅಜ್ಜಿಗೆ ಏನಾದರೂ ಆದರೆ 108ರ ಗಾಡಿಯೂ ಒಳಗೆ ಬರಲಾರದು.

ಮೊದಲು ಆ ಕಾರಿನ ಸ್ವರೂಪವನ್ನು ನೋಡಬೇಕು. ಮಾರುತಿಯವರ ಜಿಪ್ಸಿ 1985ರ ಕೊನೆಯಲ್ಲಿ ಬಂದಿತ್ತು. ಬಹುಕಾಲ ಓಡಿ ನಿಂತುಹೋಯಿತು. ಅದೇ ಕಂಪನಿಯ ಜಿಮ್ನಿ 2023ರ ಜೂನಿನಲ್ಲಿ 12 ಲಕ್ಷ 74 ಸಾವಿರ ರೂಪಾಯಿಯ ಆರಂಭದ ಬೆಲೆಗೆ ಮಾರಾಟಕ್ಕೆ ಬಂತು. ರಿಜಿಸ್ಟ್ರಿ, ವಿಮೆಗಳ ಖರ್ಚು ಬೇರೆ. ಉದ್ದ ನಾಲ್ಕು ಮೀಟರಿನೊಳಗೆ, ಅಂದರೆ 3985 ಮಿಲಿಮೀಟರು. ನೆಲದಿಂದ ಎತ್ತರ 210 ಮಿಲಿಮೀಟರು. ಎಂಜಿನ್ನು 1462 ಸಿ.ಸಿ. ಪೆಟ್ರೋಲಿನದು, ತೂಕ ಒಂದು ಟನ್ನಿಗೆ ಮೀರಿದ್ದು. ನೋಡಲು ಚಿಕ್ಕದು, ನಿಜ. ಆದರೆ 2025ರ ಸೆಪ್ಟೆಂಬರಿನಲ್ಲಿ ಬದಲಾದ ತೆರಿಗೆಯ ಕ್ರಮದಲ್ಲಿ ಪೆಟ್ರೋಲಿನ ಸಣ್ಣ ಕಾರು ಎನಿಸಿಕೊಳ್ಳಲು ಎಂಜಿನ್ನು 1200 ಸಿ.ಸಿ.ಯನ್ನು ಮೀರಬಾರದು. ಹೀಗಾಗಿ ಸಣ್ಣ ಕಾರಿಗೆ ನೂರಕ್ಕೆ 18ರ ತೆರಿಗೆಯಾದರೆ ಇದಕ್ಕೆ 40. ಮನೆಯವರು ಚಿಕ್ಕದೆಂದು ಕರೆದದ್ದನ್ನು ಸರಕಾರವು ಹಾಗೆ ಕರೆಯುವುದಿಲ್ಲ. ಚಿಕ್ಕದೆಂಬ ಮಾತಿನ ಮರೆಯಲ್ಲಿ ಲೋಭವು ಎಷ್ಟು ಸುಲಭವಾಗಿ ಒಳಗೆ ಬರುತ್ತದೆಂಬುದಕ್ಕೆ ಇದೊಂದು ನಿದರ್ಶನವಾದೀತು.

ಇನ್ನು ಅದರ ವಿಶೇಷ ಶಕ್ತಿಯ ವಿಷಯ. ಈ ಬಗೆಯ ಗಾಡಿಯಲ್ಲಿ ಒಂದು ಹೆಚ್ಚಿನ ಗೇರಿನ ಕೋಲು ಇರುತ್ತದೆ. ಸಾಮಾನ್ಯವಾಗಿ ಹಿಂದಿನ ಎರಡು ಚಕ್ರಗಳು ಮಾತ್ರ ಗಾಡಿಯನ್ನು ತಳ್ಳುತ್ತವೆ. ಕೋಲನ್ನು ಬದಲಿಸಿದರೆ ನಾಲ್ಕೂ ಚಕ್ರಗಳಿಗೆ ಶಕ್ತಿ ಹೋಗುತ್ತದೆ. ಇನ್ನೂ ಬದಲಿಸಿದರೆ ವೇಗ ಕುಗ್ಗಿ ಎಳೆತ ಹೆಚ್ಚುತ್ತದೆ. ಆದರೆ ಒಣ ಡಾಂಬರಿನ ಮೇಲೆ ಇದನ್ನು ಬಳಸಬಾರದೆಂದು ತಯಾರಕರೇ ಎಚ್ಚರಿಸುತ್ತಾರೆ. ಗಾಡಿ ತಿರುಗುವಾಗ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಸಾಗಬೇಕಾಗುತ್ತದೆ. ಎರಡೂ ಅಚ್ಚುಗಳು ಬಿಗಿದುಕೊಂಡಿರುವಾಗ ಚಕ್ರಕ್ಕೆ ಜಾರಲು ಕೆಸರೋ ಮರಳೋ ಇಲ್ಲದಿದ್ದರೆ ಒಳಗಿನ ಹಲ್ಲುಗಳು ಸವೆಯುತ್ತವೆ. ಬಸವಕಲ್ಯಾಣದಿಂದ ಹುಮನಾಬಾದಿಗೆ ಸುಮಾರು 30 ಕಿಲೋಮೀಟರು. ಪುಣೆ-ಹೈದರಾಬಾದ ಹೆದ್ದಾರಿಯ ಅಗಲವಾದ ರಸ್ತೆ. ದಿನಾಲೂ ಓಡಾಡುವ ಆ ದಾರಿಯಲ್ಲಿ ಈ ಶಕ್ತಿಯು ಕೇವಲ ಹೊರೆ. ಯಾವ ಗುಣಕ್ಕಾಗಿ ಹೆಚ್ಚು ಹಣವನ್ನು ಕೊಡಲಾಯಿತೋ ಆ ಗುಣವನ್ನು ವರ್ಷದ ಬಹುಪಾಲು ದಿನ ಹೊತ್ತುಕೊಂಡು ತಿರುಗಿ, ಅದಕ್ಕಾಗಿಯೇ ಪೆಟ್ರೋಲನ್ನು ಸುಡಬೇಕು.

ಉಳಿದದ್ದು ಆ ನಾಲ್ಕು ಕಿಲೋಮೀಟರಿನ ಎರೆಮಣ್ಣು. ಈ ಸೀಮೆಯ ರೈತನಿಗೆ ಅದರ ಗುಣವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಬೇಸಗೆಯಲ್ಲಿ ಕಾಲು ಇಳಿಯುವಷ್ಟು ಬಿರುಕು, ಮಳೆಯಲ್ಲಿ ಅಂಟು. ಟೈರಿನ ಗೀರುಗಳನ್ನು ಅದು ಒಮ್ಮೆ ತುಂಬಿಕೊಂಡಿತೆಂದರೆ ಚಕ್ರವು ನುಣ್ಣಗಾಗುತ್ತದೆ. ಆಗ ಎರಡು ತಿರುಗಿದರೂ ಒಂದೇ, ನಾಲ್ಕು ತಿರುಗಿದರೂ ಒಂದೇ. ರಸ್ತೆಯ ಟೈರು ಹಾಕಿದ ಎಂಥ ಗಾಡಿಯಾದರೂ ಕೊನೆಗೆ ಪಕ್ಕದ ಹೊಲದ ಟ್ರಾಕ್ಟರನ್ನೇ ಕರೆಯಬೇಕಾದೀತು. ನಾಲ್ಕು ಚಕ್ರದ ಎಳೆತವು ಗಾಡಿಯನ್ನು ಮುಂದಕ್ಕೆ ಹೊರಡಿಸಲು ನೆರವಾಗುತ್ತದೆಯೇ ಹೊರತು ನಿಲ್ಲಿಸಲು ನೆರವಾಗುವುದಿಲ್ಲವೆಂಬುದನ್ನೂ ಎಳೆಯರು ನೆನಪಿನಲ್ಲಿ ಇಡಬೇಕು. ಹಾಗೆಂದು ಅದು ನಿರುಪಯೋಗಿಯೆಂದು ಹೇಳಿದರೆ ಅಸತ್ಯವಾದೀತು. ತೇವ ಸ್ವಲ್ಪ ಆರಿದ ದಿನಗಳಲ್ಲಿ, ಕಲ್ಲುಮಣ್ಣಿನ ಏರಿನಲ್ಲಿ, ಹಳ್ಳ ದಾಟುವಲ್ಲಿ ಸಾಮಾನ್ಯ ಕಾರು ನಿಲ್ಲುವ ಕಡೆ ಇದು ಹೋದೀತು. ಅಂಥ ದಿನಗಳು ವರ್ಷಕ್ಕೆ ಎಷ್ಟು ಎಂಬ ಪ್ರಶ್ನೆಯನ್ನು ಮಗನಿಗೆ ಕೇಳಿದರೆ ಅವನು ಬಹಳ ಎಂದನು. ಬಹಳ ಎಂಬುದು ಸಂಖ್ಯೆಯಲ್ಲ.

ಇಲ್ಲಿ ಅಹಿಂಸೆಯ ದೃಷ್ಟಿಯಿಂದ ಒಂದು ಸೂಕ್ಷ್ಮವುಂಟು. ಮುನಿಗಳ ಈರ್ಯಾಸಮಿತಿಯನ್ನು ಹೇಳುವಾಗ ಮೂಲಾಚಾರವು ಪ್ರಾಸುಕಮಾರ್ಗದ ವಿಚಾರವನ್ನು ಮಾಡುತ್ತದೆ. ಬಂಡಿಗಳು, ಪಶುಗಳು, ಜನರು ನಡೆದಾಡಿದ, ಬಿಸಿಲಿಗೆ ಕಾದ ದಾರಿಯು ಪ್ರಾಸುಕ. ಏಕೆಂದರೆ ಹಲವರು ತುಳಿದ ಕಡೆ ಜೀವಗಳು ನೆಲೆಸುವುದು ಕಡಿಮೆ. ಈ ಸಮಿತಿಯು ಗೃಹಸ್ಥನಿಗೆ ಆ ಪ್ರಮಾಣದಲ್ಲಿ ಸಾಧ್ಯವಿಲ್ಲ. ಆದರೂ ಅದರ ತಾತ್ಪರ್ಯ ಅವನಿಗೂ ದಾರಿ ತೋರಿಸಬಲ್ಲುದು. ನಾಲ್ಕು ಚಕ್ರದ ಗಾಡಿಯ ಹೆಗ್ಗಳಿಕೆಯೇ ದಾರಿಯಿಲ್ಲದ ಕಡೆ ಹೋಗುವುದು. ದಾರಿಯಿಲ್ಲದ ಕಡೆ ಏನಿದೆ? ಹುಲ್ಲಿದೆ, ಹುತ್ತವಿದೆ, ಹಳ್ಳದ ಅಂಚಿನ ಕಪ್ಪೆ, ಏಡಿ, ಮೊದಲ ಮಳೆಗೆ ನೆಲದಿಂದ ಏಳುವ ರೆಕ್ಕೆಯ ಹುಳುಗಳ ರಾಶಿಯಿದೆ. ಕಾರಣವಿಲ್ಲದೆ ನೆಲವನ್ನು ಅಗೆಯುವುದು, ನೀರನ್ನು ಚೆಲ್ಲುವುದು, ಬೆಂಕಿಯನ್ನು ಹೊತ್ತಿಸುವುದು, ಸುಮ್ಮನೆ ಅಲೆಯುವುದು ಮತ್ತು ಅಲೆಸುವುದು ಪ್ರಮಾದಚರ್ಯೆಯೆಂಬ ಅನರ್ಥದಂಡವೆಂದು ಸಮಂತಭದ್ರ ಸ್ವಾಮಿಗಳು ಹೇಳಿದ್ದಾರೆ. ಈ ಗಾಡಿಗಳನ್ನು ಗುಡ್ಡ ಹತ್ತಿಸಿ, ಹಳ್ಳದಲ್ಲಿ ಇಳಿಸಿ ಸಂತೋಷಪಡುವ ಒಂದು ವಿನೋದವು ಈಚೆಗೆ ಬಳಕೆಗೆ ಬಂದಿದೆ. ಅದರಲ್ಲಿ ಈ ಐದೂ ಒಟ್ಟಿಗೆ ನಡೆಯುತ್ತವೆ. ಹೊಲಕ್ಕೆ ಹೋಗುವಾಗಿನ ಹಿಂಸೆಯು ಉದ್ಯೋಗಿ ಹಿಂಸೆ, ಮನೆಯ ಕೆಲಸದ್ದು ಆರಂಭಿ ಹಿಂಸೆ; ಗೃಹಸ್ಥನು ಇವನ್ನು ಕಡಿಮೆ ಮಾಡಬಹುದು, ಪೂರ್ಣವಾಗಿ ಬಿಡಲಾರನು. ವಿನೋದದ ಹಿಂಸೆಗೆ ಮಾತ್ರ ಯಾವ ಆಸರೆಯೂ ಇಲ್ಲ.

ಇದಕ್ಕೆ ಮಗನು ಒಂದು ಒಳ್ಳೆಯ ಪ್ರತಿವಾದವನ್ನು ಹೂಡಿದನು. ಎತ್ತಿನ ಬಂಡಿಯ ಕಾಲದಲ್ಲಿ ಇದೇ ಕೆಸರಿನಲ್ಲಿ ಎತ್ತುಗಳಿಗೆ ಬಾರುಕೋಲಿನ ಏಟು ಬೀಳುತ್ತಿತ್ತು. ಪಂಚೇಂದ್ರಿಯ ಜೀವಿಯ ಆ ನೋವನ್ನು ಯಂತ್ರವು ತಪ್ಪಿಸಲಿಲ್ಲವೇ? ತಪ್ಪಿಸಿತು, ಒಪ್ಪಬೇಕು. ಹಳೆಯದೆಲ್ಲ ಅಹಿಂಸೆ, ಹೊಸದೆಲ್ಲ ಹಿಂಸೆ ಎಂಬ ಹಿರಿಯರ ಮಾತು ಶಾಸ್ತ್ರವಲ್ಲ, ಅಭ್ಯಾಸ. ಆದರೆ ಎತ್ತು ದಣಿದಾಗ ನಿಲ್ಲುತ್ತಿತ್ತು, ಕತ್ತಲಾದಾಗ ಬಂಡಿ ಕೊಟ್ಟಿಗೆಯನ್ನು ಸೇರುತ್ತಿತ್ತು. ಬೇರೆಯವರ ದಣಿವು ಮನುಷ್ಯನ ಆಸೆಗೆ ಒಂದು ಗಡಿಯಾಗಿತ್ತು. ಯಂತ್ರಕ್ಕೆ ದಣಿವಿಲ್ಲವಾದ್ದರಿಂದ ಆ ಗಡಿಯನ್ನು ಸವಾರನೇ ಹಾಕಿಕೊಳ್ಳಬೇಕಾಗಿದೆ. ಅತಿವಾಹನವು ಅಳಿದಿಲ್ಲ, ಅದು ಎತ್ತಿನ ಮೈಯಿಂದ ಯಜಮಾನನ ಮನಸ್ಸಿಗೆ ಬಂದು ಕುಳಿತಿದೆ.

ಈಗ ವ್ರತದ ಪ್ರಶ್ನೆ. ಮಿತಿ ಎರಡು, ಕಾರು ಮೂರನೆಯದು. ಮಗನು ಸೂಚಿಸಿದ ಉಪಾಯ ಎಲ್ಲ ಮನೆಗಳಲ್ಲಿಯೂ ಸೂಚಿಸಲ್ಪಡುವಂಥದೇ: ಗಾಡಿ ನನ್ನ ಹೆಸರಿನಲ್ಲಿರಲಿ, ವ್ರತ ನಿಮ್ಮದು, ನನ್ನದಲ್ಲ. ಮೇಲುನೋಟಕ್ಕೆ ಇದು ನಿರ್ದೋಷವಾಗಿ ಕಾಣುತ್ತದೆ. ಆದರೆ ಪರಿಗ್ರಹವೆಂದರೆ ಮೂರ್ಛೆ, ಅಂದರೆ ನನ್ನದೆಂಬ ಮಮತ್ವ, ಎಂದು ಉಮಾಸ್ವಾಮಿ ಆಚಾರ್ಯರು ಸ್ಪಷ್ಟಪಡಿಸಿರುವಾಗ, ಸಾರಿಗೆ ಕಚೇರಿಯ ಪುಸ್ತಕದಲ್ಲಿ ಯಾರ ಹೆಸರಿದೆಯೆಂಬುದು ಎರಡನೆಯ ಮಾತು. ಹಣ ಅಂಗಡಿಯದಾದರೆ, ಬಳಸುವವರು ಮನೆಯವರಾದರೆ, ಮೇಲೆ ಗೀರು ಬಿದ್ದಾಗ ತಂದೆಯ ಎದೆ ಚುರುಕ್ಕೆನ್ನುವುದಾದರೆ ಅದು ತಂದೆಯದೇ. ತಾನು ಮಾಡದೆ ಮಾಡಿಸುವುದೂ, ಮಾಡಿದ್ದನ್ನು ಮೆಚ್ಚುವುದೂ ಲೆಕ್ಕಕ್ಕೆ ಬರುತ್ತವೆ. ಮಗನು ತನ್ನ ದುಡಿಮೆಯಿಂದ ಕೊಂಡು, ತಂದೆಯು ಅದರ ಆಗುಹೋಗುಗಳಲ್ಲಿ ತಲೆಹಾಕದಿದ್ದರೆ ಅದು ಬೇರೆ ಮಾತು. ಒಂದೇ ಒಲೆಯ ಮನೆಯಲ್ಲಿ ಅದು ಎಷ್ಟು ಸಾಧ್ಯವೆಂಬುದನ್ನು ಆ ಮನೆಯವರೇ ಬಲ್ಲರು.

ಮತ್ತೊಬ್ಬ ಬಂಧು, ವ್ರತ ಕೊಟ್ಟಾಗಿನ ಕಾಲವೇ ಬೇರೆ, ಮಿತಿಯನ್ನು ಮೂರಕ್ಕೆ ಏರಿಸಿಕೊಳ್ಳಬಹುದು ಎಂದನು. ಹಣದ ಮಿತಿಯ ವಿಷಯದಲ್ಲಿ ಇಂಥ ಮಾತಿಗೆ ಸ್ವಲ್ಪ ಅರ್ಥವಿದೆ. ಮೂವತ್ತು ವರ್ಷಗಳ ಹಿಂದೆ ಲಕ್ಷ ರೂಪಾಯಿಗೆ ಸಿಗುತ್ತಿದ್ದ ಹೊಲ ಈಗ ಆ ಬೆಲೆಗೆ ಸಿಗುವುದಿಲ್ಲ. ಹೊಲ ಅಷ್ಟೇ ಇದ್ದರೂ ಸಂಖ್ಯೆಯು ತಾನಾಗಿ ಮಿತಿಯನ್ನು ಮೀರುತ್ತದೆ. ಆದ್ದರಿಂದ ರೂಪಾಯಿಯಲ್ಲಿ ಬರೆದ ಪರಿಮಾಣಕ್ಕಿಂತ ವಸ್ತುವಿನಲ್ಲಿ ಬರೆದ ಪರಿಮಾಣ ಗಟ್ಟಿ. ವ್ರತ ಹಿಡಿಯುವ ಎಳೆಯರು ಇದನ್ನು ಮೊದಲೇ ತಿಳಿದಿರುವುದು ಒಳ್ಳೆಯದು. ಎರಡು ವಾಹನವೆಂಬುದು ಮಾತ್ರ ಯಾವ ಕಾಲದಲ್ಲಿಯೂ ಎರಡೇ; ಅದಕ್ಕೆ ಬೆಲೆಯೇರಿಕೆಯ ನೆವವಿಲ್ಲ. ದಿಗ್ವ್ರತದಲ್ಲಿ ಹಾಕಿಕೊಂಡ ಎಲ್ಲೆಯನ್ನು ಬೇಕಾದಾಗ ಬೆಳೆಸುವುದು ಕ್ಷೇತ್ರವೃದ್ಧಿ, ಎಲ್ಲೆಯನ್ನು ಮರೆಯುವುದು ಸ್ಮೃತ್ಯಂತರಾಧಾನ, ಎರಡೂ ಅತಿಚಾರಗಳೇ. ಪರಿಗ್ರಹದ ಎಲ್ಲೆಗೂ ಇದೇ ನ್ಯಾಯ.

ಕೊನೆಗೆ ಧರ್ಮದ ಕಾರಣವೂ ಬಂದಿತು. ಗಾಡಿಯಿದ್ದರೆ ಸಂಘದ ವಿಹಾರದಲ್ಲಿ ಚೌಕದ ಸಾಮಾನು ಒಯ್ಯಬಹುದು, ಆಹಾರದಾನದ ಲಾಭ ಪಡೆಯಬಹುದು, ಮಳಖೇಡದ ನೇಮಿನಾಥ ಬಸದಿಗೆ ಹೋಗಬಹುದು, ಆಚಾರ್ಯ ಶಾಂತಿಸಾಗರರು 1955ರಲ್ಲಿ ಸಲ್ಲೇಖನವನ್ನು ಸ್ವೀಕರಿಸಿದ ಕುಂಥಲಗಿರಿಯ ವಂದನೆ ಮಾಡಿ ಬರಬಹುದು. ಇವು ಒಳ್ಳೆಯ ಕೆಲಸಗಳೇ. ಆದರೆ ಕಳೆದ ಮೂರು ವರ್ಷಗಳಲ್ಲಿ ಈ ಮನೆಯವರು ಇಂಥ ಯಾತ್ರೆಗೆ ಎಷ್ಟು ಸಲ ಹೊರಟರು, ಗಾಡಿಯಿಲ್ಲವೆಂಬ ಒಂದೇ ಕಾರಣಕ್ಕೆ ಎಷ್ಟು ಸಲ ನಿಂತರು ಎಂದು ಕೇಳಿದಾಗ, ನಿಂತದ್ದು ಒಮ್ಮೆಯೂ ಇಲ್ಲವೆಂದು ಮನೆಯಾಕೆಯೇ ಹೇಳಿದಳು. ಬಾಡಿಗೆಯ ಗಾಡಿ ಇದ್ದೇ ಇದೆ. 2017ರಲ್ಲಿ ಬೀದರ-ಕಲಬುರಗಿ ರೈಲು ದಾರಿ ಪೂರ್ಣವಾಗಿ ತೆರೆದ ಮೇಲೆ ಹುಮನಾಬಾದಿಗೆ ರೈಲೂ ಇದೆ. 2023ರ ಜೂನಿನಿಂದ ಹೆಣ್ಣುಮಕ್ಕಳಿಗೆ ಸರಕಾರಿ ಬಸ್ಸಿನಲ್ಲಿ ಟಿಕೆಟ್ಟಿನ ಹಣವೂ ಇಲ್ಲ. ಬರಿಗಾಲಿನಲ್ಲಿ ನಡೆಯುವ ಸಾಧುಗಳ ಹೆಸರಿನಲ್ಲಿ ಕಾರು ಕೊಳ್ಳುವುದು ಏನೋ ಒಂದು ಬಗೆಯಾಗಿದೆ.

ಸಮಂತಭದ್ರ ಸ್ವಾಮಿಗಳು ಈ ವ್ರತದ ಉದಾಹರಣೆಗೆ ಜಯಕುಮಾರನನ್ನೂ, ಪರಿಗ್ರಹದ ಪಾಪಕ್ಕೆ ಶ್ಮಶ್ರುನವನೀತನನ್ನೂ ಹೆಸರಿಸಿದ್ದಾರೆ. ಎರಡನೆಯವನ ಕಥೆಯನ್ನು ಮಕ್ಕಳು ನಗುತ್ತ ಕೇಳುತ್ತಾರೆ. ಕುಡಿದ ಮಜ್ಜಿಗೆಯಲ್ಲಿ ಮೀಸೆಗೆ ಅಂಟಿದ ಬೆಣ್ಣೆಯನ್ನು ಕೂಡಿಟ್ಟು ಒಂದು ಮಡಕೆ ತುಪ್ಪ ಮಾಡಿದ ಬಡವನು, ಚಳಿಗಾಲದ ರಾತ್ರಿ ಕಾಲ ಬಳಿ ಬೆಂಕಿಯಿರಿಸಿ, ಮೇಲೆ ಮಡಕೆಯನ್ನು ತೂಗಹಾಕಿ ಮಲಗಿದನು. ತುಪ್ಪ ಮಾರಿ ವ್ಯಾಪಾರಿಯಾದೆ, ಸಾಮಂತನಾದೆ, ಅರಸನಾದೆ, ಚಕ್ರವರ್ತಿಯಾದೆ ಎಂದು ನೆನೆಯುತ್ತ, ಕಾಲೊತ್ತುವ ಸ್ತ್ರೀಗೆ ನಿನಗೆ ಒತ್ತಲು ಬಾರದೆಂದು ಒದ್ದನು. ಮಡಕೆ ಬೆಂಕಿಗೆ ಬಿದ್ದಿತು. ಗುಡಿಸಲಿನ ಬಾಗಿಲೇ ಹೊತ್ತಿತು. ಅವನಲ್ಲಿ ಇದ್ದದ್ದು ಒಂದು ಮಡಕೆ ಮಾತ್ರ, ಮೂರ್ಛೆ ಷಟ್ಖಂಡದ್ದು. ಈ ಮನೆಯ ಹುಡುಗನು ಕೊಳ್ಳದ ಗಾಡಿಗೆ ಬಣ್ಣವನ್ನು ಆರಿಸಿಯಾಗಿದೆ, ಮೇಲಿನ ಸಾಮಾನುಕಟ್ಟೆಯ ದರವನ್ನು ಕೇಳಿಯಾಗಿದೆ. ಅತಿಕ್ರಮ, ವ್ಯತಿಕ್ರಮ, ಅತಿಚಾರ, ಅನಾಚಾರಗಳನ್ನು ಹಿರಿಯರು ಮುದಿ ಎತ್ತಿನ ದೃಷ್ಟಾಂತದಿಂದ ಹೇಳುತ್ತಾರೆ: ಪರರ ಹೊಲವನ್ನು ಮೇಯಬೇಕೆಂದು ಬಯಸುವುದು ಮೊದಲನೆಯದು, ಬೇಲಿಯೊಳಗೆ ತಲೆ ತೂರಿಸುವುದು ಎರಡನೆಯದು, ಒಂದು ತುತ್ತು ಕೀಳುವುದು ಮೂರನೆಯದು, ಒಳನುಗ್ಗಿ ಮೇಯುವುದು ಕೊನೆಯದು. ಹುಡುಗನಿಗೆ ವ್ರತವಿಲ್ಲವಾದ್ದರಿಂದ ಅವನಿಗೆ ಬೇಲಿಯೂ ಇಲ್ಲ. ಆದರೆ ಅವನೊಂದಿಗೆ ಹುಮನಾಬಾದಿನಿಂದ ಕಲಬುರಗಿಯ ಅಂಗಡಿಯವರೆಗೆ ಹೋಗಿ, ಸುಮ್ಮನೆ ನೋಡಲು ಎಂದು ಒಳಗೆ ಕುಳಿತು ಬಂದ ತಂದೆಯ ತಲೆ ಬೇಲಿಯ ಯಾವ ಬದಿಯಲ್ಲಿತ್ತು?

ಇಷ್ಟೆಲ್ಲ ಆದ ಮೇಲೂ ತಾಯಿಯ ವಿಷಯ ಉಳಿಯುತ್ತದೆ. ಅದನ್ನು ಶಾಸ್ತ್ರದ ಮಾತುಗಳಿಂದ ಮುಚ್ಚಿಬಿಡುವುದು ನ್ಯಾಯವಲ್ಲ. ವ್ರತವನ್ನು ಉಳಿಸಿಕೊಳ್ಳಲು ಹೋಗಿ ತಾಯಿಯನ್ನು ಕಳೆದುಕೊಂಡನೆಂಬ ಮಾತನ್ನು ಯಾವ ಮಗ ಹೊತ್ತಾನು? ಟ್ರಾಕ್ಟರನ್ನು ಮಾರಿ, ಉಳುಮೆಗೆ ಬಾಡಿಗೆಯದನ್ನು ತಂದು, ಆ ಸ್ಥಾನದಲ್ಲಿ ಕಾರನ್ನು ಕೊಳ್ಳಬಹುದೆಂಬ ಮಾರ್ಗವೂ ಇದೆ. ಅದರಿಂದ ಸಂಖ್ಯೆ ಕೆಡುವುದಿಲ್ಲ. ಯಜಮಾನನು ಅದಕ್ಕೆ ಮನಸ್ಸು ಮಾಡಿ, ತಾಯಿಗೆ ತಿಳಿಸಿ ಬರಲು ಹಳ್ಳಿಗೆ ಹೋದನು. ಎಂಥ ಮಳೆಯಿದ್ದರೂ ಬರುವ ಗಾಡಿಯೆಂದು ವಿವರಿಸಿದನು. ಮುದುಕಿಯು ಎಲ್ಲವನ್ನೂ ಕೇಳಿ, “ಮಳ್ಯಾಗ ಗಾಡಿ ಬರ್ತದಂತಿ. ಖರೆ, ನೀ ಬರ್ತಿ ಏನು ತಮ್ಮಾ?” ಎಂದಳು.

ಈ ಪ್ರಶ್ನೆ ಬೇರೆಯವರ ಹದಿನೈದು ವಾದಗಳಿಗಿಂತ ಹೆಚ್ಚು ದೂರ ಹೋಯಿತು. ಬಿಸಿಲಿನ ದಿನಗಳಲ್ಲಿ ದಾರಿ ಒಣಗಿಯೇ ಇರುತ್ತದೆ. ಆಗ ಮನೆಯವರು ತಿಂಗಳಿಗೆ ಒಂದು ಸಲ ಬಂದು ಸಂಜೆಗೆ ಹಿಂದಿರುಗುತ್ತಾರೆ. ಕೆಸರು ವರ್ಷಕ್ಕೆ ಎರಡು ಮೂರು ತಿಂಗಳ ಅಡ್ಡಿ. ಉಳಿದ ತಿಂಗಳುಗಳ ಅಡ್ಡಿಗೆ ಹೆಸರಿಲ್ಲ. ರಾತ್ರಿ ಆಕೆಗೆ ಏನಾದರೂ ಆದರೆ, ಆಗಿದೆಯೆಂದು ಬಸವಕಲ್ಯಾಣಕ್ಕೆ ತಿಳಿಸುವವರು ಯಾರು? ತಿಳಿದ ಮೇಲಲ್ಲವೇ ಗಾಡಿ ಹೊರಡುವುದು? ಬಳಿಯಲ್ಲಿ ಒಬ್ಬರು ಮಲಗಿದ್ದರೆ, ಆ ನಾಲ್ಕು ಕಿಲೋಮೀಟರನ್ನು ನೆರೆಯವರ ಟ್ರಾಕ್ಟರಿನಲ್ಲಿಯೋ, ತಮ್ಮದರಲ್ಲಿಯೋ ದಾಟಿಸಿ ಡಾಂಬರು ಮುಟ್ಟಿಸಬಹುದು. ಅಲ್ಲಿ 108 ಬಂದು ನಿಂತಿರುತ್ತದೆ. ದೂರವನ್ನು ಬೇಗ ದಾಟುವ ಸಾಧನ ಸಿಕ್ಕಿತೆಂದರೆ ದೂರವೇ ಇರುವುದಕ್ಕೆ ಮನಸ್ಸು ಒಗ್ಗಿಕೊಳ್ಳುತ್ತದೆ. ಇದು ಈ ಒಂದು ಮನೆಯಲ್ಲಿ ಮಾತ್ರ ಆಗುತ್ತಿರುವುದಲ್ಲ. ಗಂಡುಮಕ್ಕಳೆಲ್ಲ ಪೇಟೆಗೆ ಬಂದಿರುವ ನಮ್ಮ ಹಳ್ಳಿಗಳ ಹಳೆಯ ಮನೆಗಳನ್ನು ನೋಡಿದರೆ ತಿಳಿಯುತ್ತದೆ.

ಯಜಮಾನನು ಟ್ರಾಕ್ಟರನ್ನು ಮಾರಲಿಲ್ಲ. ಆಷಾಢ ಶುಕ್ಲ ಚತುರ್ದಶಿಯಿಂದ ದೀಪಾವಳಿಯ ಅಮಾವಾಸ್ಯೆಯವರೆಗೆ, ಸಂಘಗಳು ಒಂದೆಡೆ ನಿಲ್ಲುವ ಕಾಲದಲ್ಲಿ, ತಾನೂ ಹಳ್ಳಿಯ ಮನೆಯಲ್ಲಿಯೇ ರಾತ್ರಿ ಕಳೆಯುವೆನೆಂದು ನಿಯಮ ಮಾಡಿಕೊಂಡನು. ಹುಮನಾಬಾದಿನ ಅಂಗಡಿಯನ್ನು ಈ ನಾಲ್ಕು ತಿಂಗಳು ಮಗನೇ ನೋಡಿಕೊಳ್ಳತಕ್ಕದ್ದು. ತೊಗರಿಯ ಸುಗ್ಗಿಗೆ ಇನ್ನೂ ಸಮಯವಿರುವುದರಿಂದ ಅದು ಕಷ್ಟವೇನಲ್ಲ. ಅಷ್ಟಮಿ, ಚತುರ್ದಶಿಗಳಲ್ಲಿ ಉಪವಾಸವಿರುವುದರಿಂದ ಆ ದಿನ ವಾಹನವನ್ನು ಏರುವುದಿಲ್ಲ. ಭೋಗೋಪಭೋಗದ ನಿಯಮಗಳನ್ನು ಎಣಿಸುವಾಗ ಸಮಂತಭದ್ರ ಸ್ವಾಮಿಗಳು ಭೋಜನದ ಮಗ್ಗುಲಲ್ಲಿಯೇ ವಾಹನವನ್ನು ಇರಿಸಿರುವುದು ಇಂಥ ದಿನಗಳಿಗೆ ಚೆನ್ನಾಗಿ ಒದಗುತ್ತದೆ. ಕಾರಿನ ವಿಚಾರಕ್ಕೆ ಒಂದು ವರ್ಷದ ನಿಯಮ: ಕೊಳ್ಳುವ ಮಾತೂ ಇಲ್ಲ, ಬಿಡುವ ಮಾತೂ ಇಲ್ಲ. ಕೆಸರಿನಿಂದಾಗಿ ಹೋಗಲೇಬೇಕಾದ ಕಡೆ ಹೋಗಲಾರದೆ ನಿಂತ ದಿನಗಳನ್ನು ಒಂದು ಪುಸ್ತಕದಲ್ಲಿ ತಾರೀಖು ಸಹಿತ ಬರೆಯುವುದು. ಬಾಡಿಗೆಯ ಗಾಡಿಗೆ ತೆತ್ತ ಹಣವನ್ನು ಅದರ ಎದುರಿಗೆ ಬರೆಯುವುದು. ಬರೆಯುವ ಕೆಲಸ ಮಗನದು, ಏಕೆಂದರೆ ಬಹಳ ಎಂದವನು ಅವನು.

ಶ್ರಾವಣ ಮುಗಿಯುವ ಹೊತ್ತಿಗೆ ಪುಸ್ತಕದಲ್ಲಿ ಆರು ತಾರೀಖುಗಳಿದ್ದವು. ಅವುಗಳಲ್ಲಿ ಎರಡರ ಮುಂದೆ, ಹೋಗಲೇಬೇಕಾಗಿರಲಿಲ್ಲ ಎಂದು ಹುಡುಗನೇ ಪೆನ್ಸಿಲಿನಲ್ಲಿ ಬರೆದಿದ್ದನು.